ಕೆಂಪು ಶಾಯಿಯಲ್ಲಿ ಬರೆದ ಅಲರ್ಜಿ

ಯಾವ ದೇಹಕ್ಕೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಅರಿಯುವುದೇ ಬಾಳಿನ ನಿಜವಾದ ವಿವೇಕ. ನಮ್ಮ ಮನೆಯಲ್ಲಿ ಈ ವಿವೇಕ ಬೇಕಾದುದಕ್ಕಿಂತ ಹೆಚ್ಚಿಗೆ ಇದೆ. ನನ್ನ ಹೆಂಡತಿಗೆ ಬದನೆಕಾಯಿ ಆಗಿಬರುವುದಿಲ್ಲ, ಮಗನಿಗೆ ಫ್ಯಾನಿನ ಗಾಳಿ ಆಗಿಬರುವುದಿಲ್ಲ, ನನಗೆ ಮಗನ ಸಲಹೆ ಆಗಿಬರುವುದಿಲ್ಲ. ಇವುಗಳಲ್ಲಿ ಒಂದನ್ನೂ ಯಾರೂ ಪರೀಕ್ಷೆ ಮಾಡಿ ನೋಡಿದ್ದಿಲ್ಲ. ಒಬ್ಬರು ಎಂದೋ ಅಂದರು, ಉಳಿದವರು ಹೌದೆಂದು ತಲೆಯಾಡಿಸಿದರು, ಅದು ಕಾಯಿದೆಯಾಯಿತು.

ಮೊಮ್ಮಗಳ ವಿಷಯದಲ್ಲಿ ಮಾತ್ರ ಕಾಯಿದೆ ಬರಹಕ್ಕೂ ಇಳಿದಿತ್ತು. ಅವಳು ಕೂಸಾಗಿದ್ದಾಗ ರಾಣೆಬೆನ್ನೂರಿನ ಡಾಕ್ಟರೊಬ್ಬರು ಅವಳ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಮುಂದೆ ಯಾವ ದವಾಖಾನೆಗೆ ಹೋದರೂ ಒಳಗೆ ಕಾಲಿಡುವ ಮೊದಲೇ ನಾವೆಲ್ಲ ಒಂದೇ ದನಿಯಲ್ಲಿ, ಮಂಗಳಾರತಿ ಹಾಡಿದಂತೆ, “ಆಕಿಗೆ ಪೆನಿಸಿಲಿನ್ ಆಗಿಬರಂಗಿಲ್ರಿ” ಎನ್ನುತ್ತಿದ್ದೆವು. ಹೇಳುವಾಗ ಸಣ್ಣದೊಂದು ಹೆಮ್ಮೆಯೂ ಇರುತ್ತಿತ್ತೆಂದು ತೋರುತ್ತದೆ. ಓಣಿಯ ಉಳಿದ ಮಕ್ಕಳಿಗೆ ಅಂಥದ್ದೇನೂ ಇರಲಿಲ್ಲ.

ಅವಳಿಗೆ ಒಂಬತ್ತು ತುಂಬಿದ ವರ್ಷ ಒಂದು ಗಂಟಲುನೋವು ಬಂತು, ಹೋಯಿತು. ಗಂಟಲುನೋವಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕೆಲವು ವಾರ ಕಳೆದ ಮೇಲೆ ಅವಳ ಎಡ ಮೊಣಕಾಲು ಬಾತಿತು. ಅದು ಇಳಿಯುವಷ್ಟರಲ್ಲಿ ಬಲಗಾಲಿನ ಹರಡಿನ ಕೀಲು ಬಾತಿತು, ಆಮೇಲೆ ಮುಂಗೈ. ನೋವು ಹೀಗೆ ಒಂದು ಕೀಲಿನಿಂದ ಇನ್ನೊಂದಕ್ಕೆ ವರ್ಗವಾಗಿ ಹೋಗುವುದನ್ನು ಕಂಡು, ಇದು ಸರಕಾರಿ ನೌಕರಿಯ ನೋವಿರಬೇಕು ಎಂದು ನಾನು ಹಾಸ್ಯ ಮಾಡಿದೆ. ಜ್ವರ ಏರಿ ಅವಳು ಏದುಸಿರು ಬಿಡತೊಡಗಿದ ದಿನ ಹಾಸ್ಯ ನಿಂತಿತು. ನಮ್ಮ ಡಾಕ್ಟರು ಹಾವೇರಿಯ ಮಕ್ಕಳ ಡಾಕ್ಟರರ ಬಳಿಗೆ ಕಳಿಸಿದರು.

ಹಾವೇರಿಯ ಡಾಕ್ಟರು ಹೆಣ್ಣುಮಗಳು, ಹೊಸರಿತ್ತಿ ಕಡೆಯವರು, ನಡುವಯಸ್ಸು, ಮಾತು ಕಡಿಮೆ. ಅವರು ಹುಡುಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ಡಾಕ್ಟರು ಬೇಗ ಕಿವಿ ತೆಗೆದರೆ ಒಳ್ಳೆಯದು ಎಂದು ನನಗೆ ಆ ದಿನ ಗೊತ್ತಾಯಿತು. ಸ್ಕ್ಯಾನ್ ಆಯಿತು. ಆಮೇಲೆ ಅವರು ನಮ್ಮನ್ನು ಕೂರಿಸಿ ಹೇಳಿದ್ದು ಇಷ್ಟು: ಗಂಟಲಿನ ಸೋಂಕಿನ ಬೆನ್ನಿಗೆ ಬರುವ ಜ್ವರ ಇದು. ಕೀಲುಗಳನ್ನು ಮುಟ್ಟಿ ಹೋಗಿಬಿಡುತ್ತದೆ, ಹೃದಯವನ್ನು ಮುಟ್ಟಿದರೆ ಗುರುತು ಬಿಡುತ್ತದೆ. ಇವಳ ಹೃದಯದ ಒಂದು ಕವಾಟ ತುಸು ಸೋರುತ್ತಿದೆ. ಇಷ್ಟಕ್ಕೇ ನಿಂತರೆ ಕಾಲಕ್ರಮದಲ್ಲಿ ಸರಿಹೋದೀತು. ಆ ಸೋಂಕು ಮತ್ತೆ ಬಂದರೆ ಕವಾಟ ಇನ್ನಷ್ಟು ಕೆಡುತ್ತದೆ, ಆಪರೇಷನ್ನಿನ ತನಕ ಹೋಗಬಹುದು. ಮತ್ತೆ ಬರದಂತೆ ತಡೆಯಲು ಮೂರು ವಾರಕ್ಕೊಮ್ಮೆ ಒಂದು ಇಂಜೆಕ್ಷನ್, ದೊಡ್ಡವಳಾಗುವ ತನಕ. ಇಂಜೆಕ್ಷನ್ನಿನ ಹೆಸರು ಪೆನಿಸಿಲಿನ್.

ಅಷ್ಟು ಹೇಳಿ ಅವರು ಫೈಲನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಕೆಂಪು ಶಾಯಿಯ ಮೇಲೆ ಬೆರಳಿಟ್ಟರು.

“ಇದನ್ನ ಯಾರು ನೋಡಿದ್ರಿ?”

“ಫೈಲಿನಾಗ ಐತಲ್ರಿ” ಎಂದ ನನ್ನ ಮಗ.

“ಫೈಲ್ ನಾನೂ ನೋಡಾಕತ್ತೇನಿ. ಹುಡುಗಿ ಮೈ ಯಾರು ನೋಡಿದ್ರಿ ಅಂತ ಕೇಳಿದೆ.”

ಏಳು ವರ್ಷ ಒಕ್ಕೊರಲಿನಿಂದ ಸಾರಿಕೊಂಡು ಬಂದ ಸಂಗತಿಯನ್ನು ನಮ್ಮಲ್ಲಿ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಹುಡುಗಿಗೆ ಎರಡು ವರ್ಷವಿದ್ದಾಗ ನನ್ನ ಸೊಸೆ ಬಿ.ಎಡ್. ಪರೀಕ್ಷೆಗೆಂದು ಧಾರವಾಡಕ್ಕೆ ಹೋಗಿದ್ದಳು. ಕೂಸನ್ನು ಬ್ಯಾಡಗಿಯ ತವರಿನಲ್ಲಿ ಬಿಟ್ಟಿದ್ದಳು. ಅಲ್ಲಿ ಜ್ವರ ಬಂದು ಪೆನಿಸಿಲಿನ್ ಜಾತಿಯ ಒಂದು ಸಿರಪ್ ಶುರುಮಾಡಿದ್ದರಂತೆ. ಇವಳು ಮರಳಿ ಬಂದಾಗ ಔಷಧದ ಬಾಟಲಿ ಅರ್ಧ ಹಾಗೇ ಉಳಿದಿತ್ತು. ಕೂಸಿನ ಮೈಮೇಲೆ ಮಾಸಿದ ಕಲೆಗಳಿದ್ದವು. ಯಾಕೆಂದು ಕೇಳಿದರೆ ಅವಳ ತಾಯಿ “ಆ ಔಷಧ ಆಗಿಬರಲಿಲ್ಲ” ಎಂದಿದ್ದರು. ಅಷ್ಟೇ. ಆ ಒಂದು ಮಾತನ್ನು ಇವಳು ರಾಣೆಬೆನ್ನೂರಿಗೆ ತಂದಳು, ಡಾಕ್ಟರು ಅದಕ್ಕೆ ಶಾಯಿ ಹಾಕಿದರು.

ಮಕ್ಕಳ ಮೇಲೆ ಬರೆದ ಇಂಥ ಅಲರ್ಜಿಗಳಲ್ಲಿ ಬಹಳಷ್ಟು ಖರೇ ಇರುವುದಿಲ್ಲ ಎಂದರು ಡಾಕ್ಟರು. ಜ್ವರದಿಂದ ಎದ್ದ ದದ್ದನ್ನು ಔಷಧದ ತಲೆಗೆ ಕಟ್ಟಿರುತ್ತಾರೆ. ನಿಜವಾಗಿ ಇದ್ದದ್ದೂ ಎಷ್ಟೋ ಮಕ್ಕಳಲ್ಲಿ ವರ್ಷ ಕಳೆದಂತೆ ಹೊರಟುಹೋಗಿರುತ್ತದೆ. ಹಾಗೆಂದು ಊಹೆಯ ಮೇಲೆ ಸೂಜಿ ಚುಚ್ಚಲಾಗದು. ಆಗ ತುಟಿ ಬಾತಿದ್ದರೆ, ಉಸಿರು ಕಟ್ಟಿದ್ದರೆ, ಚರ್ಮ ಸುಲಿದಿದ್ದರೆ ಇಲ್ಲಿ ಪರೀಕ್ಷೆಯ ಮಾತೇ ಇಲ್ಲ. ಬರೀ ಮೈಮೇಲೆ ಕೆಂಪಗೆ ಎದ್ದು ಇಳಿದಿದ್ದರೆ, ಪೆನಿಸಿಲಿನ್ನಿನ ಮನೆತನದ್ದೇ ಆದ ಒಂದು ಸಿರಪ್ಪನ್ನು ಸ್ವಲ್ಪ ಕುಡಿಸಿ, ಕಣ್ಣೆದುರಿಗೆ ಕೂರಿಸಿಕೊಂಡು ನೋಡಬಹುದು. ಅಲ್ಲಿಯವರೆಗೆ ಬೇರೊಂದು ಮಾತ್ರೆ, ದಿನಕ್ಕೆರಡು ಸಲ, ಒಂದು ಹೊತ್ತೂ ತಪ್ಪಬಾರದು, ಮತ್ತು ಅದರ ಮೇಲೆ ತಮಗೆ ಇಂಜೆಕ್ಷನ್ನಿನಷ್ಟು ಭರವಸೆ ಇಲ್ಲ.

“ನೋಡಿದವರನ್ನ ಕರಕೊಂಡು ಬರ್ರಿ” ಎಂದರು.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುತ್ತ ಮುದುಕನಾದವನು. ಹಸಿ ಕಾಗದದಲ್ಲಿ ಬೀಜ ಸುತ್ತಿಡುವುದು, ಮೊಳೆತದ್ದೆಷ್ಟು ಕೊಳೆತದ್ದೆಷ್ಟು ಎಂದು ನೋಡುವುದು, ಚೀಲಕ್ಕೆ ಚೀಟಿ ಹಚ್ಚುವುದು. ಆ ಚೀಟಿಗೊಂದು ಅವಧಿ ಇರುತ್ತದೆ. ಅವಧಿ ಮುಗಿದರೆ ಎಂಥ ಜೋಳವಾದರೂ ಮತ್ತೆ ಪರೀಕ್ಷೆಗೆ ಕೂರಬೇಕು. ಇಲ್ಲದಿದ್ದರೆ ಹಲಗೇರಿಯ ರೈತ ಅಂಗಡಿಯ ಮುಂದೆ ಬಂದು ನಮ್ಮ ವಂಶಾವಳಿಯನ್ನೆಲ್ಲ ಎತ್ತಿ ಆಡುತ್ತಾನೆ. ಜೋಳಕ್ಕೆ ಇದ್ದ ಈ ಮರ್ಯಾದೆ ನನ್ನ ಮೊಮ್ಮಗಳಿಗೆ ಇರಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, ಒಳಗಿನ ಬಡಿತ ಸರಿಯಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಆ ವಿದ್ಯೆ ನನಗೆ ಬರುವುದಿಲ್ಲ ಎಂಬುದು ಬೇರೆ ಮಾತು.

ಬೀಗತಿಗೆ ಫೋನು ಮಾಡಿದೆವು. ಸೊಸೆ ಕೇಳಿದಳು, ಬೈಸಿಕೊಂಡಳು. ಮಗ ಕೇಳಿದ, ಅಳಿಯನೆಂಬ ಮರ್ಯಾದೆಗೆ ಅವನನ್ನು ಬೈಯಲಿಲ್ಲ, ಬ್ಯಾಡಗಿಯ ಹವಾಮಾನ ಹೇಳಿ ಫೋನಿಟ್ಟರು. ಆಗಿಬರಲಿಲ್ಲ ಅಂದರೆ ಆಗಿಬರಲಿಲ್ಲ, ಅದನ್ನೇನು ಕೆದಕುವುದು ಎಂಬುದೊಂದೇ ಉತ್ತರ. ಗಂಟಲು ಬಾತಿತ್ತೇ ಎಂದರೆ ಮೌನ. ಆ ಮೌನ ನಮ್ಮ ಮನೆಯಲ್ಲಿ ದಿನದಿನಕ್ಕೆ ಬೆಳೆಯಿತು. ಏನೋ ಘೋರವಾದದ್ದೇ ನಡೆದಿರಬೇಕು, ಕೂಸು ಸತ್ತು ಬದುಕಿರಬೇಕು, ಅದಕ್ಕೇ ಹೇಳುತ್ತಿಲ್ಲ ಎಂದು ಸೊಸೆ ಅಳತೊಡಗಿದಳು. ಬೀಗರ ನಡುವಿನ ರಾಜತಂತ್ರದ ಮರ್ಯಾದೆಯಂತೆ ಕೊನೆಗೆ ಹಿರಿಯನಾದ ನನ್ನನ್ನೇ ರಾಯಭಾರಕ್ಕೆ ನೇಮಿಸಿದರು. ಜೊತೆಗೆ ಸೊಸೆ.

ಬೀಗತಿಯ ಮನೆಯ ಹಿತ್ತಲಿಗೆ ಹೊಂದಿಕೊಂಡು ಒಂದು ಶೆಡ್ಡು. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರ ಮೇಲೆ ಇವರ ಆಡಳಿತ. ಗಂಡ ತೀರಿದ ಮೇಲೆ ವ್ಯಾಪಾರವನ್ನು ಒಬ್ಬರೇ ನಡೆಸಿಕೊಂಡು ಬಂದ ಹೆಂಗಸು. ಗಂಭೀರವಾದ ಮಾತನ್ನು ಗಂಭೀರವಾಗಿ ಆಡಬೇಕೆಂದು ನಾನು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಬಾಯಿ ತೆರೆದ ಕೂಡಲೇ ಘಾಟಿಗೆ ಸೀನು ಬಂತು. ಸೀನಿನ ನಡುನಡುವೆ ಹೃದಯದ ಕವಾಟದ ವಿವರ ಹೇಳಿದೆ. ಅವರು ಮಂಡಕ್ಕಿ, ಮಿರ್ಚಿ ತಂದಿಟ್ಟರು, ಚಹಾ ತಂದಿಟ್ಟರು, ಮತ್ತೆ ಚಹಾ ಬೇಕೇ ಎಂದರು.

“ಅಕ್ಕಾರ, ತುಟಿ ಬಾತಿತ್ತೇನ್ರಿ? ಅಷ್ಟ ಹೇಳ್ರಿ ಸಾಕು.”

“ಬೀಗರ, ತಿನ್ರಿ ಮೊದಲ. ಆರಿ ಹೊಂಟೈತಿ.”

ಸೊಸೆ ತಟ್ಟೆಯನ್ನು ದೂರ ಸರಿಸಿದಳು. ತಾಯಿಯ ಎದುರಿಗೆ ಹೋಗಿ ನೆಲದ ಮೇಲೆ ಕೂತಳು. “ಯವ್ವಾ, ಆಕಿಗೆ ಎದಿಯಾಗ ತೊಂದ್ರಿ ಆಗೇತಿ. ನೀ ಹೇಳಲಿಲ್ಲಂದ್ರ ಆ ಸೂಜಿ ಕೊಡಾಂಗಿಲ್ಲ ಅವರು. ಮತ್ತ ಜ್ವರ ಬಂತಂದ್ರ...” ಎಂದವಳು ತಾಯಿಯ ಮೊಣಕಾಲು ಹಿಡಿದಳು.

ಬೀಗತಿ ಎದ್ದು ಒಳಗೆ ದೇವರ ಜಗಲಿಯ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತರು. ಹೊರಗೆ ಬಂದಾಗ ಕೈಯಲ್ಲಿ ಒಂದು ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮದ ಪೊಟ್ಟಣ ಇದ್ದವು.

“ಮನ್ಯಾಗ ಹೇಳಾಂಗಿಲ್ಲ ಅದನ್ನ. ಗುಡಿಗೆ ಹೋಗಿ ಉಡಿ ಕೊಟ್ಟು ಬರ್ತೇನಿ. ಆಮ್ಯಾಲೆ ನಡೀರಿ, ಆ ಡಾಕ್ಟರಮ್ಮಗ ನಾನ ಹೇಳ್ತೇನಿ.”

ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬಸ್ಸನ್ನು ಮೂವರೂ ಹತ್ತಿದೆವು. ನಾನು ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಊಹಿಸಿಕೊಳ್ಳುತ್ತ ಕೂತಿದ್ದೆ.

ಡಾಕ್ಟರರ ಮುಂದೆ ಕುರ್ಚಿಯಲ್ಲಿ ಕೂತು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಅವರು ಮೆಲ್ಲಗೆ ಹೇಳಿದರು: “ಅಮ್ಮ ಬಂದಿದ್ಳರೀ.”

ಮೈಮೇಲೆ ಗುಳ್ಳೆ, ದದ್ದು ಏಳುವ ಜ್ವರಗಳಿಗೆ ನಮ್ಮ ಕಡೆ ರೋಗವೆಂದು ಹೆಸರಿಡುವುದಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಂದವಳು ಅತಿಥಿ. ಅವಳಿರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು, ಅಡುಗೆಗೆ ಒಗ್ಗರಣೆ ಇಲ್ಲ, ಔಷಧ ಕೊಡುವುದಿಲ್ಲ. ಮನೆಗೆ ಬಂದ ದೇವಿಯನ್ನು ಚಮಚೆಯಿಂದ ಓಡಿಸುವುದು ಯಾವ ಮರ್ಯಾದೆ? ಇಳಿದ ಮೇಲೆ ಉಡಿ ತುಂಬಿ ಕಳಿಸುತ್ತಾರೆ. ಕಳಿಸಿದ ಮೇಲೆ ಆ ಮನೆಯಲ್ಲಿ ಅದರ ಸುದ್ದಿ ಎತ್ತಬಾರದು, ಎತ್ತಿದರೆ ಕರೆದಂತೆ. ಮಗಳು ಧಾರವಾಡದಿಂದ ಬಂದು ಔಷಧ ಯಾಕೆ ನಿಲ್ಲಿಸಿದಿ ಎಂದು ಕೇಳಿದಾಗ ಆ ಹೆಸರು ತೆಗೆಯುವ ಹಾಗಿರಲಿಲ್ಲ. ಅದಕ್ಕೆ ಬೀಗತಿ ಬಾಯಿಗೆ ಬಂದ ಇನ್ನೊಂದು ಮಾತು ಹೇಳಿದ್ದರು.

ನಾನು ಡಾಕ್ಟರರ ಮುಖ ನೋಡಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

“ನಮ್ಮವ್ವನೂ ಹೆಸರು ತಗೀತಿದ್ದಿಲ್ಲ” ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಔಷಧ ಕುಡಿಸಿದ ಕೂಡಲೇ ಎದ್ವೇನು?”

ಇಲ್ಲ, ಮೂರು ನಾಲ್ಕು ದಿನ ಕುಡಿಸಿದ ಮೇಲೆ, ಜ್ವರ ಬಿಡುವ ಹೊತ್ತಿಗೆ.

“ಪಿತ್ತದ ಗಂಧಿ ಹಂಗ ದಪ್ಪ ಎದ್ದು ಕೆರೀತಿದ್ವೇನು?”

ಇಲ್ಲ. ಸಣ್ಣವು, ರಾಗಿ ಚೆಲ್ಲಿದಂತೆ. ಕೂಸು ಕೆರೆದುಕೊಂಡಿರಲಿಲ್ಲ. ತುಟಿ ಬಾತಿರಲಿಲ್ಲ, ಉಸಿರು ಕಟ್ಟಿರಲಿಲ್ಲ, ಬಾಯಲ್ಲಿ ಹುಣ್ಣಾಗಿರಲಿಲ್ಲ, ಚರ್ಮ ಸುಲಿದಿರಲಿಲ್ಲ. ರೊಟ್ಟಿ ಬೇಡಿ ಅಳುತ್ತಿತ್ತು.

“ಮನ್ಯಾಗ ಮತ್ತ ಯಾರಿಗರೆ ಬಂದಿತ್ತೇನು?”

“ನನ್ನ ಮಗನ ಮಗಳಿಗೂ ಬಂದಿದ್ಳರೀ, ಅದ ವಾರ. ಆಕಿಗೆ ಔಷಧ ಹಾಕಿದ್ದ ಇಲ್ಲ.”

ಸೊಸೆ ತಾಯಿಯ ಕಡೆಗೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟೋ ಸಮಾಧಾನವೋ ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಲ್ಲ. ಡಾಕ್ಟರು ಮಾತ್ರ ನಮ್ಮ ಸಮಾಧಾನವನ್ನು ಬೆಳೆಯಲು ಬಿಡಲಿಲ್ಲ. ಇದು ಜ್ವರದ ದದ್ದೇ ಇರಬೇಕು, ಆದರೆ ‘ಇರಬೇಕು’ ಎಂಬುದರ ಮೇಲೆ ವರ್ಷಗಟ್ಟಲೆ ಇಂಜೆಕ್ಷನ್ ಕೊಡಲಾಗುವುದಿಲ್ಲ, ಕುಡಿಸಿಯೇ ನೋಡಬೇಕು ಎಂದರು. ಮುಂದಿನ ವಾರ ಬರಲು ಹೇಳಿದರು. ಅಲ್ಲಿಯವರೆಗೆ ನೆಗಡಿಯ ಸಿರಪ್, ತುರಿಕೆಯ ಮಾತ್ರೆ ಏನೂ ಕೊಡಬಾರದು. ಕೊಟ್ಟರೆ ಏಳುವ ದದ್ದು ಏಳದೆ ಅಡಗಿಬಿಡುತ್ತದೆ.

ಪರೀಕ್ಷೆಯ ದಿನ ಬೀಗತಿ ಬ್ಯಾಡಗಿಯಿಂದ ನೇರವಾಗಿ ಹಾವೇರಿಗೆ ಬಂದರು. ಬೆಳಿಗ್ಗೆ ಶೆಡ್ಡಿನ ಕೆಲಸ ಹಚ್ಚಿಕೊಟ್ಟು, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದರು. ಹುಡುಗಿಯನ್ನು ಒಂದು ಮಂಚದ ಮೇಲೆ ಕೂರಿಸಿ, ಬೆರಳಿಗೆ ಚಿಮಟಿಗೆಯಂಥದ್ದು ಸಿಕ್ಕಿಸಿದ್ದರು. ಪಕ್ಕದ ಟ್ರೇನಲ್ಲಿ ಔಷಧ ತುಂಬಿದ ಒಂದು ಸಿರಿಂಜು ಮಲಗಿತ್ತು. ಅದೇನೆಂದು ಕೇಳಿದೆ. ಅಡ್ರಿನಲಿನ್, ಉಸಿರು ಕಟ್ಟಿದರೆ ಕೊಡಲಿಕ್ಕೆ ಎಂದರು ಸಿಸ್ಟರ್, ಪಾಯಸಕ್ಕೆ ಗೋಡಂಬಿ ಎಂಬಷ್ಟು ಸಹಜವಾಗಿ. ಆಮೇಲೆ ನನ್ನ ಕಣ್ಣು ಬೇರೆ ಕಡೆಗೆ ಹೋಗಲೊಲ್ಲದು.

ಮೊದಲು ಒಂದು ಗುಟುಕು. ಗುಲಾಬಿ ಬಣ್ಣದ ಸಿರಪ್ಪು. ಹುಡುಗಿ ಮುಖ ಕಿವುಚಿ ನುಂಗಿದಳು. ನಾನು, ಮಗ, ಸೊಸೆ, ಬೀಗತಿ, ನಾಲ್ವರು ಹಿರಿಯರು ಒಂದು ಮಗುವಿನ ತುಟಿಯನ್ನು ನೋಡುತ್ತ ಕೂತೆವು. ತುಟಿಯನ್ನು ಅಷ್ಟು ಹೊತ್ತು ನೋಡಿದರೆ ಎಂಥ ತುಟಿಯೂ ಬಾತಂತೆ ಕಾಣುತ್ತದೆ. “ಅಜ್ಜಾ, ಹಂಗ್ಯಾಕ ನೋಡಾಕತ್ತೀದಿ?” ಎಂದಳು. ಏನಿಲ್ಲ ಎಂದೆ. ಏನಿಲ್ಲ ಎಂಬುದನ್ನು ನೋಡಲಿಕ್ಕೇ ನಾವು ಅಲ್ಲಿ ಕೂತಿದ್ದೆವು.

ಏನೂ ಆಗಲಿಲ್ಲ. ಉಳಿದ ಔಷಧ ಕುಡಿಸುವ ಹೊತ್ತು ಹತ್ತಿರ ಬಂತು. ಆಗ ಸೊಸೆ ಎದ್ದು ನಿಂತಳು. ಹುಡುಗಿಯ ಎಡಗೆನ್ನೆ, ಬಾಯಿಯ ಅಂಚಿನಿಂದ ಕಿವಿಯ ಕಡೆಗೆ, ಕೆಂಪಾಗಿತ್ತು. ನಾವು ನೋಡುತ್ತಿದ್ದಂತೆಯೇ ಇನ್ನಷ್ಟು ಕೆಂಪಾಯಿತು. “ಉರಿಯಾಕತ್ತೈತಿ” ಎಂದು ಅವಳು ಗಲ್ಲ ಒರೆಸಿಕೊಂಡಳು.

ಸಿಸ್ಟರ್ ಟ್ರೇ ಹತ್ತಿರಕ್ಕೆ ಎಳೆದರು. ಡಾಕ್ಟರು ಬಂದರು, ಓಡಿ ಅಲ್ಲ, ಆದರೆ ನಡೆದೂ ಅಲ್ಲ. ಬಾಯಿ ತೆರೆಸಿ ನೋಡಿದರು, ಎದೆಗೆ ಕಿವಿ ಕೊಟ್ಟರು, ಅಂಗಿ ಎತ್ತಿ ಬೆನ್ನು, ಹೊಟ್ಟೆ, ತೊಡೆ ನೋಡಿದರು. ಮಗ ಗೋಡೆಯ ಕಡೆಗೆ ಮುಖ ಮಾಡಿ ನಿಂತುಬಿಟ್ಟ. ನಾವೇ ಕೈಯಾರೆ ಕುಡಿಸಿದ್ದು ಎಂಬುದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಡಾಕ್ಟರು ಹುಡುಗಿಯ ಗಲ್ಲದ ಹತ್ತಿರಕ್ಕೆ ಮೂಗು ತಂದರು. ಒಂದು ಸಣ್ಣ ಸೀನು ಸೀನಿದರು. ಆಮೇಲೆ ನಿಧಾನಕ್ಕೆ ತಲೆಯೆತ್ತಿ ಬೀಗತಿಯನ್ನು ನೋಡಿದರು.

“ಅಮ್ಮಾರ, ಈಕಿ ಬಾಯಿ ಒರೆಸಿದವರು ಯಾರು?”

“ನಾನರೀ. ಔಷಧ ಗಲ್ಲಕ್ಕ ಇಳಿದಿತ್ತು.”

“ಎದರ್ಲೆ ಒರೆಸಿದ್ರಿ?”

ಬೀಗತಿ ತಮ್ಮ ಸೆರಗನ್ನು ನೋಡಿಕೊಂಡರು. ಬೆಳಗಿನ ಮೆಣಸಿನಕಾಯಿಯ ಧೂಳು ಅದರಲ್ಲಿ ಕಣ್ಣಿಗೆ ಕಾಣುವಷ್ಟು ಕೂತಿತ್ತು.

ಯಾರೂ ನಗಲಿಲ್ಲ. ಡಾಕ್ಟರಂತೂ ಮೊದಲೇ ಇಲ್ಲ. ಖಾರ ಇರಬಹುದು, ಔಷಧವೂ ಇರಬಹುದು, ಗಲ್ಲ ತೊಳೆದು ಕಾಯಬೇಕು ಎಂದರು. ಕೆಂಪು ಮೈಗೆ ಇಳಿದರೆ ಪರೀಕ್ಷೆ ಇಲ್ಲಿಗೇ ನಿಲ್ಲುತ್ತದೆ, ಫೈಲಿನ ಬರಹ ಹಾಗೇ ಉಳಿಯುತ್ತದೆ. ಸಿಸ್ಟರ್ ಸೋಪು ಹಚ್ಚಿ ತೊಳೆದರು. ಬೀಗತಿಯನ್ನು ಹೊರಗಿನ ಬೆಂಚಿಗೆ ಕಳಿಸಿದರು. ನಲವತ್ತು ಹೆಂಗಸರನ್ನು ಕಣ್ಸನ್ನೆಯಲ್ಲಿ ಆಳುವ ಬೀಗತಿ ಹೇಳಿದ ಕೂಡಲೇ ಎದ್ದು ಹೋದರು. ಬಾಗಿಲಿನ ಸಂದಿಯಿಂದ ನೋಡಿದೆ. ಅವರು ಸೆರಗನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಕಾದೆವು. ಆ ಕಾಯುವಿಕೆಯಲ್ಲಿ ನಾನು ಯೋಚಿಸಿದ್ದು ಹೃದಯದ ಕುರಿತು ಅಲ್ಲ, ದೇವರ ಕುರಿತೂ ಅಲ್ಲ. ಆ ಕೆಂಪಿನ ಅಂಚು ಕಿವಿಯ ಹತ್ತಿರದ ಒಂದು ಮಚ್ಚೆಯನ್ನು ದಾಟುತ್ತದೋ ಇಲ್ಲವೋ, ಅಷ್ಟೇ. ಮಚ್ಚೆಯನ್ನು ನಾನು ಹೊಲದ ಬದುವಿನಂತೆ ಕಾಯ್ದೆ. ದಾಟಲಿಲ್ಲ. ಕೆಂಪು ಮೊದಲು ಗುಲಾಬಿಯಾಯಿತು, ಆಮೇಲೆ ಅಲ್ಲಲ್ಲಿ ಹರಿದುಹೋಯಿತು, ಕೊನೆಗೆ ಗಲ್ಲ ಗಲ್ಲದ ಬಣ್ಣಕ್ಕೆ ಬಂತು. ಡಾಕ್ಟರು ಮತ್ತೊಮ್ಮೆ ಮೈಯೆಲ್ಲ ನೋಡಿ, ಅಂಗಿ ಇಳಿಸಿ, “ಉಳಿದದ್ದು ಕೊಡ್ರಿ” ಎಂದರು. ಬಾಯಿ ಒರೆಸಲು ಸಿಸ್ಟರ್ ಹತ್ತಿ ತಂದರು.

ಎರಡನೆಯ ಸಲದ ಕಾಯುವಿಕೆ ಮೊದಲಿಗಿಂತ ಉದ್ದ. ಹುಡುಗಿಗೆ ಬೇಸರವಾಗಿ, ಮಗನ ಮೊಬೈಲು ಕಸಿದುಕೊಂಡು ಆಡತೊಡಗಿದಳು, ಆಮೇಲೆ ಹಸಿವೆ ಎಂದಳು, ಆಮೇಲೆ ಆಯಿಯನ್ನು ಒಳಗೆ ಕರೆಯಿರಿ ಎಂದು ಹಟ ಹಿಡಿದಳು. ಬೀಗತಿ ಬಾಗಿಲಲ್ಲಿ ನಿಂತು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲಿಂದಲೇ ಮಾತಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ನಮ್ಮನ್ನು ಮನೆಗೆ ಕಳಿಸಿದರು. ಕೆಲವರಿಗೆ ದದ್ದು ತಡವಾಗಿ ಏಳುತ್ತದೆ, ಇನ್ನೂ ಕೆಲವು ದಿನ ಮೈ ನೋಡುತ್ತಿರಿ, ಏನಾದರೂ ಕಂಡರೆ ಫೋಟೋ ತೆಗೆದು ಕೂಡಲೇ ಫೋನು ಮಾಡಿ ಎಂದರು.

ಆ ದಿನಗಳಲ್ಲಿ ಸೊಸೆ ಬೆಳಿಗ್ಗೆ ಎದ್ದ ಕೂಡಲೇ ಹುಡುಗಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬೆನ್ನು ತಿರುಗಿಸಿ, ತೋಳೆತ್ತಿಸಿ ನೋಡುತ್ತಿದ್ದಳು. ಬ್ಯಾಡಗಿಯಿಂದ ಹೊತ್ತಿಗೊಂದು ಫೋನು. ಕಂಡದ್ದು ಒಂದು ಸೊಳ್ಳೆ ಕಚ್ಚಿದ ಗುರುತು. ಅದರ ಫೋಟೋ ಹಾವೇರಿಗೆ ಹೋಯಿತು, ಇದು ಸೊಳ್ಳೆ ಎಂದು ಉತ್ತರ ಬಂತು.

ಮತ್ತೆ ಹಾವೇರಿಗೆ ಹೋದಾಗ ಡಾಕ್ಟರು ಕೆಂಪು ಬರಹವನ್ನು ನೀಲಿ ಗೆರೆಯಿಂದ ಹೊಡೆದು ಹಾಕಿದರು. ಪಕ್ಕದಲ್ಲಿ ‘ಕುಡಿಸಿ ಪರೀಕ್ಷಿಸಲಾಗಿದೆ, ಅಲರ್ಜಿ ಇಲ್ಲ’ ಎಂದು ಬರೆದು ಸಹಿ ಮಾಡಿದರು. ಇದನ್ನು ರಾಣೆಬೆನ್ನೂರಿನ ಡಾಕ್ಟರಿಗೂ, ಶಾಲೆಗೂ, ಬ್ಯಾಡಗಿಗೂ ತಿಳಿಸಬೇಕು, ಮನೆಯಲ್ಲಿ ಒಬ್ಬರ ಬಾಯಲ್ಲಿ ಹಳೆಯ ಮಾತು ಉಳಿದರೂ ಅದು ಮತ್ತೆ ಫೈಲಿಗೆ ಬರುತ್ತದೆ ಎಂದು ಎಚ್ಚರಿಸಿದರು. ಆ ದಿನವೇ ಮೊದಲ ಇಂಜೆಕ್ಷನ್. ಅದು ಬಹಳ ನೋಯುತ್ತದೆ. ಹುಡುಗಿ ಬಸ್‌ಸ್ಟ್ಯಾಂಡಿನ ತನಕ ಅತ್ತಳು, ಕುಂಟಿದಳು, ನಮ್ಮೆಲ್ಲರ ಜೊತೆ ಮಾತು ಬಿಟ್ಟಳು.

ಈಗ ಮೂರು ವಾರಕ್ಕೊಮ್ಮೆ ಹಾವೇರಿಯಲ್ಲಿ ಅವಳಿಗೆ ಪೆನಿಸಿಲಿನ್ ಕೊಡುತ್ತಾರೆ. ಜ್ವರ ಮರಳಿ ಬಂದಿಲ್ಲ. ಕವಾಟದ ಸೋರಿಕೆ ಮೊದಲಿದ್ದಷ್ಟೇ ಇದೆ, ಹೆಚ್ಚಾಗಿಲ್ಲ.